ಲಾರ್ಡ್ ಕೆಲ್ವಿನ್: ಸಮುದ್ರದಾಳದ ಕೇಬಲ್‌ಗೆ ಲೆಕ್ಕ ಹಾಕಿಕೊಟ್ಟ ವಿಜ್ಞಾನಿಯ ಬದುಕು

ಒಂದು ಕಾಲದಲ್ಲಿ ಮನೆಗೆ ಕೆಲ್ವಿನೇಟರ್ ಫ್ರಿಜ್ ಬಂತೆಂದರೆ ಇಡೀ ಬೀದಿಗೇ ಸುದ್ದಿ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ತಾಪಮಾನ ಅಳೆಯುವ ಮಾನಕ್ಕೆ ಹೆಸರು ಕೆಲ್ವಿನ್. ಈ ಎರಡೂ ಹೆಸರು ಬಂದಿದ್ದು ಒಬ್ಬರೇ ವ್ಯಕ್ತಿಯಿಂದ. ಅವರು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧರಾದವರು. ಆದರೆ ಅವರು ಬದುಕಿದ್ದಾಗ ಜನಸಾಮಾನ್ಯರ ಬಾಯಲ್ಲಿ ಅವರ ಹೆಸರು ಓಡಾಡಿದ್ದು ಫ್ರಿಜ್‌ನಿಂದಲೂ ಅಲ್ಲ, ತಾಪಮಾನದಿಂದಲೂ ಅಲ್ಲ. ಅಟ್ಲಾಂಟಿಕ್ ಸಾಗರದ ತಳದಲ್ಲಿ ಮಲಗಿಸಿದ ಒಂದು ಕೇಬಲ್‌ನಿಂದ.

ಇವತ್ತು ಮುಂಬೈನಿಂದ ಲಂಡನ್‌ಗೆ ಕಳಿಸುವ ವಾಟ್ಸ್‌ಆ್ಯಪ್ ಸಂದೇಶ ಹೋಗುವುದು ಬಹುಮಟ್ಟಿಗೆ ಸಮುದ್ರದಡಿಯ ಕೇಬಲ್ ಮೂಲಕವೇ. ಆಳ ಸಮುದ್ರದ ತೈಲ, ಅನಿಲ ಬಾವಿಗಳಿಗೂ ಮೇಲಿಂದ ಒಂದು ದಪ್ಪ ಕೇಬಲ್ ಇಳಿದಿರುತ್ತದೆ. ವಿದ್ಯುತ್, ಸಂಕೇತ, ಹೈಡ್ರಾಲಿಕ್ ಎಣ್ಣೆ, ರಾಸಾಯನಿಕ ಎಲ್ಲವನ್ನೂ ಅದೊಂದೇ ಹೊತ್ತೊಯ್ಯುತ್ತದೆ. ತಾಯಿ-ಮಗುವಿನ ಹೊಕ್ಕುಳಬಳ್ಳಿಯಂತೆ ಇರುವುದರಿಂದ ಎಂಜಿನಿಯರ್‌ಗಳು ಅದನ್ನು ಅಂಬಿಲಿಕಲ್ ಎಂದೇ ಕರೆಯುತ್ತಾರೆ. ಇಂಥ ಕೇಬಲ್ ತನ್ನ ಭಾರವನ್ನು ತಾನೇ ತಡೆದೀತೇ, ಎಳೆದಾಗ ತಿರುಚಿಕೊಂಡೀತೇ, ಒಂದು ತುದಿಯ ಸಂಕೇತ ಇನ್ನೊಂದು ತುದಿಗೆ ಸರಿಯಾಗಿ ತಲುಪೀತೇ? ಈ ಪ್ರಶ್ನೆಗಳಿಗೆ ಊಹೆಯ ಬದಲು ಲೆಕ್ಕದಿಂದ ಉತ್ತರ ಹುಡುಕಲು ಹೊರಟವರಲ್ಲಿ ಥಾಮ್ಸನ್ ಮೊದಲಿಗರು.

ಹತ್ತನೇ ವಯಸ್ಸಿಗೆ ಕಾಲೇಜು

ವಿಲಿಯಂ ಹುಟ್ಟಿದ್ದು 1824ರ ಜೂನ್ 26ರಂದು, ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ. ತಂದೆ ಜೇಮ್ಸ್ ಥಾಮ್ಸನ್ ಗಣಿತದ ಮೇಷ್ಟ್ರು. ಹುಡುಗನಿಗೆ ಆರು ವರ್ಷ ತುಂಬುವ ಹೊತ್ತಿಗೆ ತಾಯಿ ತೀರಿಕೊಂಡರು. ತಂದೆಗೆ ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಹುದ್ದೆ ಸಿಕ್ಕಿ, ಇಡೀ ಕುಟುಂಬ ಅಲ್ಲಿಗೆ ಹೋಯಿತು. ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದವರೂ ಅಪ್ಪನೇ. 1834ರಲ್ಲಿ, ಹತ್ತನೇ ವಯಸ್ಸಿಗೆ, ವಿಲಿಯಂ ಅದೇ ವಿಶ್ವವಿದ್ಯಾಲಯದ ತರಗತಿಗೆ ಸೇರಿದರು.

ಹದಿಹರೆಯದಲ್ಲಿ ಅವರ ಕೈಗೆ ಫ್ರೆಂಚ್ ಗಣಿತಜ್ಞ ಫೊರಿಯರ್ ಬರೆದ ಪುಸ್ತಕವೊಂದು ಸಿಕ್ಕಿತು. ಶಾಖ ಒಂದು ವಸ್ತುವಿನೊಳಗೆ ಹೇಗೆ ಹರಡುತ್ತದೆ ಎಂಬುದರ ಗಣಿತ ಅದರಲ್ಲಿತ್ತು. ಆ ಗಣಿತ ಮುಂದೆ ಸಮುದ್ರದಡಿ ಕೆಲಸಕ್ಕೆ ಬರುತ್ತದೆ ಎಂದು ಆಗ ಯಾರೂ ಎಣಿಸಿರಲಿಲ್ಲ. ಕೇಂಬ್ರಿಡ್ಜ್‌ನಲ್ಲಿ ಓದಿ, 1845ರ ಗಣಿತ ಪರೀಕ್ಷೆಯಲ್ಲಿ ಎರಡನೆಯವರಾಗಿ ಪಾಸಾದರು. 1846ರಲ್ಲಿ, 22ನೇ ವಯಸ್ಸಿಗೆ, ಗ್ಲಾಸ್ಗೋದಲ್ಲಿ ಭೌತಶಾಸ್ತ್ರದ ಪ್ರೊಫೆಸರ್ ಆದರು. ಮುಂದಿನ 53 ವರ್ಷ ಅದೇ ಹುದ್ದೆಯಲ್ಲಿದ್ದರು. ಹಳೆಯದೊಂದು ವೈನ್ ನೆಲಮಾಳಿಗೆಯನ್ನು ಪ್ರಯೋಗಾಲಯ ಮಾಡಿಕೊಂಡು, ವಿದ್ಯಾರ್ಥಿಗಳ ಕೈಯಿಂದಲೇ ಅಳತೆ ಮಾಡಿಸಿದರು. 1848ರಲ್ಲಿ ಅವರು ಮುಂದಿಟ್ಟ ಪರಮ ತಾಪಮಾನದ ಕಲ್ಪನೆಯೇ ಇಂದಿನ ಕೆಲ್ವಿನ್ ಮಾನದ ಬುನಾದಿ.

ಸಂಕೇತ ತಡವಾಗುವುದೇಕೆ?

1850ರ ದಶಕದಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ ಸಮುದ್ರದಡಿ ಟೆಲಿಗ್ರಾಫ್ ತಂತಿ ಬಂದಿತ್ತು. ಅದರ ಹಿಂದೆಯೇ ಒಂದು ಒಗಟೂ ಬಂತು. ಕಂಬದ ಮೇಲಿನ ತಂತಿಯಲ್ಲಿ ಚುರುಕಾಗಿ ಓಡುವ ಸಂಕೇತ, ನೀರೊಳಗಿನ ಕೇಬಲ್‌ನಲ್ಲಿ ಮಂದವಾಗಿ, ಹರಡಿಕೊಂಡು ಬರುತ್ತಿತ್ತು. ಇದನ್ನು ಪರೀಕ್ಷಿಸಿದ ಮೈಕೆಲ್ ಫ್ಯಾರಡೆ ಕಾರಣ ಗುರುತಿಸಿದರು. ಒಳಗೆ ತಾಮ್ರ, ಸುತ್ತ ಗಟ್ಟಾಪರ್ಚಾ ಎಂಬ ಮರದ ಅಂಟಿನ ಹೊದಿಕೆ, ಹೊರಗೆ ಉಪ್ಪುನೀರು. ಹೀಗಾಗಿ ಇಡೀ ಕೇಬಲ್ಲೇ ವಿದ್ಯುತ್ ತುಂಬಿಟ್ಟುಕೊಳ್ಳುವ ಉದ್ದನೆಯ ಪಾತ್ರೆಯಂತೆ ವರ್ತಿಸುತ್ತದೆ. ಅದು ತುಂಬಬೇಕು, ಮತ್ತೆ ಖಾಲಿಯಾಗಬೇಕು. ಅಲ್ಲಿಯವರೆಗೆ ಮುಂದಿನ ಸಂಕೇತ ಕಾಯಬೇಕು.

ಈ ತಡ ಎಷ್ಟು ಎಂಬ ಲೆಕ್ಕ ಹಾಕಿದವರು ಥಾಮ್ಸನ್. ಒಲೆಯಲ್ಲಿಟ್ಟ ಕಬ್ಬಿಣದ ಸೌಟಿನ ಹಿಡಿ ನಿಧಾನವಾಗಿ ಬಿಸಿಯಾಗುವುದನ್ನು ವಿವರಿಸುವ ಫೊರಿಯರ್ ಸಮೀಕರಣವನ್ನೇ ಅವರು ಕೇಬಲ್‌ಗೆ ಹಚ್ಚಿದರು. 1855ರಲ್ಲಿ ಪ್ರಕಟವಾದ ಉತ್ತರ ಹೀಗಿತ್ತು: ಕೇಬಲ್‌ನ ಉದ್ದ ಎರಡು ಪಟ್ಟಾದರೆ ತಡ ನಾಲ್ಕು ಪಟ್ಟು. ಉದ್ದ ಹತ್ತು ಪಟ್ಟಾದರೆ ತಡ ನೂರು ಪಟ್ಟು. ಇದನ್ನು ತಗ್ಗಿಸಬೇಕೆಂದರೆ ತಾಮ್ರದ ತಂತಿ ದಪ್ಪಗಿರಬೇಕು, ಅದರ ಸುತ್ತಲಿನ ಹೊದಿಕೆಯೂ ದಪ್ಪಗಿರಬೇಕು.

ದಪ್ಪ ಎಂದರೆ ದುಡ್ಡು. ಅಟ್ಲಾಂಟಿಕ್ ದಾಟಿಸಲು 1856ರಲ್ಲಿ ಹುಟ್ಟಿದ ಅಟ್ಲಾಂಟಿಕ್ ಟೆಲಿಗ್ರಾಫ್ ಕಂಪನಿಗೆ ಈ ಲೆಕ್ಕ ರುಚಿಸುವಂತಿರಲಿಲ್ಲ. ಕಂಪನಿಯ ವಿದ್ಯುತ್ ವಿಭಾಗದ ಮುಖ್ಯಸ್ಥ ವೈಲ್ಡ್‌ಮನ್ ವೈಟ್‌ಹೌಸ್ ವೃತ್ತಿಯಿಂದ ಶಸ್ತ್ರಚಿಕಿತ್ಸಕರು. ತಾವು ಮಾಡಿದ ಪ್ರಯೋಗಗಳನ್ನು ಮುಂದಿಟ್ಟು, ಥಾಮ್ಸನ್ ಅವರ ನಿಯಮ ನಿಜವಲ್ಲ ಎಂದು ಬಹಿರಂಗವಾಗಿಯೇ ವಾದಿಸಿದರು. ತೆಳು ತಂತಿಯೇ ಸಾಕು, ಒತ್ತಡ ಹೆಚ್ಚಿಸಿದರಾಯಿತು ಎಂಬುದು ಅವರ ನಂಬಿಕೆ. ಥಾಮ್ಸನ್ ಅದೇ ವರ್ಷದ ಕೊನೆಯಲ್ಲಿ ಕಂಪನಿಯ ನಿರ್ದೇಶಕರಾದರು. ಅಷ್ಟರಲ್ಲಿ ಕೇಬಲ್‌ಗೆ ಆರ್ಡರ್ ಹೋಗಿಯಾಗಿತ್ತು.

ಎಡಕ್ಕೊಂದು, ಬಲಕ್ಕೊಂದು ಹೊಸೆತ

ಆ ಮೊದಲ ಕೇಬಲ್‌ನಲ್ಲಿ ಒಂದು ನಾಟಿಕಲ್ ಮೈಲಿಗೆ, ಅಂದರೆ ಸುಮಾರು 1.85 ಕಿ.ಮೀ.ಗೆ, ತಾಮ್ರ ಇದ್ದದ್ದು 107 ಪೌಂಡ್, ಗಟ್ಟಾಪರ್ಚಾ 261 ಪೌಂಡ್. ಅದರ ಮೇಲೆ ಟಾರು ಹಚ್ಚಿದ ನಾರು, ಅದರ ಮೇಲೆ ಕಬ್ಬಿಣದ ಎಳೆಗಳ ಕವಚ. ಸುಮಾರು ಮೂರೂಕಾಲು ಟನ್ ಎಳೆದರೆ ತುಂಡಾಗುವಷ್ಟು ಗಟ್ಟಿ. ನೀರಿನಲ್ಲಿ ಅದರ ತೂಕಕ್ಕೆ ಹೋಲಿಸಿದರೆ, ಐದು ಮೈಲಿಗಿಂತ ಕೊಂಚ ಕಡಿಮೆ ಉದ್ದ ನೇತಾಡಿದರೆ ತನ್ನ ಭಾರಕ್ಕೇ ಅದು ಹರಿಯುತ್ತಿತ್ತು. ಸಾಗರದ ಆಳ ಎರಡು ಮೈಲಿಗೂ ಹೆಚ್ಚು. ಅಲೆಗೆ ಹಡಗು ಮೇಲೆದ್ದಾಗ ಬೀಳುವ ಜಗ್ಗು ಸೇರಿಸಿದರೆ ಉಳಿಯುವ ಅಂತರ ತೀರಾ ಕಡಿಮೆ.

ಇನ್ನೊಂದು ಎಡವಟ್ಟೂ ಆಗಿತ್ತು. ಕೇಬಲ್ ತಯಾರಿಕೆಯನ್ನು ಎರಡು ಕಾರ್ಖಾನೆಗಳಿಗೆ ಅರ್ಧರ್ಧ ಹಂಚಲಾಗಿತ್ತು. ಒಂದರಲ್ಲಿ ಕಬ್ಬಿಣದ ಎಳೆಗಳನ್ನು ಎಡಕ್ಕೆ ಹೊಸೆದರು, ಇನ್ನೊಂದರಲ್ಲಿ ಬಲಕ್ಕೆ. ಹೊಸೆದ ಹಗ್ಗವನ್ನು ಎಳೆದರೆ ಅದು ಬಿಚ್ಚಿಕೊಳ್ಳುವ ಕಡೆಗೆ ತಿರುಗುತ್ತದೆ. ಒಂದೇ ಹೊಸೆತದ ಎರಡು ತುಂಡು ಜೋಡಿಸಿದರೆ ಈ ತಿರುಚು ಪರಸ್ಪರ ಹೊಡೆದುಹಾಕುತ್ತದೆ. ವಿರುದ್ಧ ಹೊಸೆತದವನ್ನು ಜೋಡಿಸಿದರೆ ಎರಡೂ ಸೇರಿ ಜೋಡಣೆಯನ್ನೇ ತಿರುಪಿನಂತೆ ಬಿಚ್ಚುತ್ತವೆ. ನಡುಸಮುದ್ರದಲ್ಲಿ ಜೋಡಿಸಬೇಕಾದ ಕೇಬಲ್‌ನಲ್ಲಿ ಇದು ಕಂಡುಬಂದಾಗ, ಜೋಡಣೆ ತಿರುಗದಂತೆ ಹಿಡಿಯಲು ಬೇರೆಯೇ ಏರ್ಪಾಡು ಮಾಡಬೇಕಾಯಿತು.

1857ರ ಆಗಸ್ಟ್‌ನಲ್ಲಿ ಐರ್ಲೆಂಡಿನ ವ್ಯಾಲೆನ್ಷಿಯಾದಿಂದ ಹಡಗುಗಳು ಹೊರಟವು. ಆಗಸ್ಟ್ 11ರಂದು, ಮುನ್ನೂರಕ್ಕೂ ಹೆಚ್ಚು ಮೈಲಿ ಇಳಿಸಿದ ಮೇಲೆ, ಬ್ರೇಕ್ ಬಿಗಿಯಾಗಿ ಕೇಬಲ್ ಹರಿದು ಆಳಕ್ಕೆ ಹೋಯಿತು. ಆ ವರ್ಷ ಥಾಮ್ಸನ್ ಇನ್ನೊಂದು ಸಂಗತಿ ಕಂಡುಕೊಂಡರು. ಅಂಗಡಿಯಲ್ಲಿ ಸಿಗುವ ತಾಮ್ರವೆಲ್ಲ ಒಂದೇ ಅಲ್ಲ. ಒಂದರಲ್ಲಿ ವಿದ್ಯುತ್ ಸಲೀಸಾಗಿ ಹರಿದರೆ ಇನ್ನೊಂದರಲ್ಲಿ ಹರಿಯುವುದು ಬಹಳ ಕಡಿಮೆ. ಅಳೆದು ಪರೀಕ್ಷಿಸಿದ ತಾಮ್ರವನ್ನೇ ಕೊಳ್ಳಬೇಕು ಎಂದು ಅವರು ಪಟ್ಟು ಹಿಡಿದರು. ಮುಂದಿನ ಕೇಬಲ್‌ಗಳಲ್ಲಿ ಈ ಪರೀಕ್ಷೆ ಕಡ್ಡಾಯವಾಯಿತು.

ಬಿರುಗಾಳಿ, ಕನ್ನಡಿ ಮತ್ತು 2,000 ವೋಲ್ಟ್

1858ರ ಜೂನ್‌ನಲ್ಲಿ ಮತ್ತೆ ಪ್ರಯತ್ನ. ಆರೋಗ್ಯದ ಕಾರಣ ಕೊಟ್ಟು ವೈಟ್‌ಹೌಸ್ ಹಡಗು ಹತ್ತಲಿಲ್ಲ. ಅವರ ಕೆಲಸವನ್ನು, ಸಂಬಳವಿಲ್ಲದೆ, ಥಾಮ್ಸನ್ ವಹಿಸಿಕೊಂಡರು. ತಾವು ಒಪ್ಪದ ವಿನ್ಯಾಸದ ಕೇಬಲ್ ಕಾಯಲು ತಾವೇ ಸಮುದ್ರಕ್ಕಿಳಿದರು. ಅಗಮೆಮ್ನಾನ್ ಹಡಗಿನ ಡೆಕ್ ಮೇಲೆಯೇ ಇನ್ನೂರಕ್ಕೂ ಹೆಚ್ಚು ಟನ್ ಕೇಬಲ್ ಸುತ್ತಿಟ್ಟಿದ್ದರು. ದಾರಿಯಲ್ಲಿ ಎದ್ದ ಭೀಕರ ಬಿರುಗಾಳಿಗೆ ಹಡಗು ಮುಳುಗುವ ಹಂತ ತಲುಪಿತು. ಕಲ್ಲಿದ್ದಲು ಚೆಲ್ಲಾಪಿಲ್ಲಿಯಾಗಿ ನಾವಿಕರು ಗಾಯಗೊಂಡರು. ಆಮೇಲೆಯೂ ಕೇಬಲ್ ಮೂರು ಬಾರಿ ಕೈಕೊಟ್ಟಿತು. ಕೊನೆಗೆ ಜುಲೈ 29ರಂದು ನಡುಸಮುದ್ರದಲ್ಲಿ ಜೋಡಿಸಿದ ಕೇಬಲ್, ಆಗಸ್ಟ್ 5ರಂದು ಎರಡೂ ದಡ ಮುಟ್ಟಿತು.

ಕ್ಷೀಣವಾಗಿ ಬರುವ ಸಂಕೇತ ಹಿಡಿಯಲು ಥಾಮ್ಸನ್ ಒಂದು ಉಪಕರಣ ಮಾಡಿದ್ದರು. ಚಿಕ್ಕ ಕನ್ನಡಿಯ ಚೂರು, ಅದರ ಬೆನ್ನಿಗೆ ಪುಟ್ಟ ಆಯಸ್ಕಾಂತ, ರೇಷ್ಮೆ ಎಳೆಯಿಂದ ತೂಗುಹಾಕಿದ್ದು. ಸುತ್ತಲಿನ ತಂತಿಸುರುಳಿಯಲ್ಲಿ ಒಂದಿಷ್ಟೇ ಇಷ್ಟು ವಿದ್ಯುತ್ ಹರಿದರೂ ಕನ್ನಡಿ ಅಲುಗುತ್ತದೆ. ಅದರಿಂದ ಪ್ರತಿಫಲಿಸಿದ ದೀಪದ ಬೆಳಕು ಎದುರಿನ ಪಟ್ಟಿಯ ಮೇಲೆ ಎಡಕ್ಕೋ ಬಲಕ್ಕೋ ಸರಿಯುತ್ತದೆ. ಅದನ್ನು ನೋಡಿ ಅಕ್ಷರ ಓದಿಕೊಳ್ಳುವುದು. ಬೆಳಕಿಗೆ ತೂಕವಿಲ್ಲದ್ದರಿಂದ ಇಂಥ ನವಿರಾದ ಮುಳ್ಳು ಇನ್ನೊಂದಿರಲಿಲ್ಲ.

ವೈಟ್‌ಹೌಸ್ ದಾರಿ ಬೇರೆ. ಐದು ಅಡಿ ಉದ್ದದ ಸುರುಳಿಗಳಿಂದ ಸುಮಾರು 2,000 ವೋಲ್ಟ್ ಒತ್ತಡವನ್ನು ಅವರು ಕೇಬಲ್‌ಗೆ ನೂಕಿದರು. ಆ ಕೇಬಲ್ ಮೊದಲೇ ಬಡವಾಗಿತ್ತು. ಕಾರ್ಖಾನೆಯಲ್ಲಿ ಬಯಲಲ್ಲಿಟ್ಟಿದ್ದಾಗ ಬಿಸಿಲಿಗೆ ಗಟ್ಟಾಪರ್ಚಾ ಮೆತ್ತಗಾಗಿ, ಕೆಲವೆಡೆ ತಾಮ್ರ ನಡುವಿನಿಂದ ಸರಿದು ಹೊದಿಕೆ ತೆಳುವಾಗಿತ್ತು. ಅಂಥ ಜಾಗಗಳನ್ನು ಹೆಚ್ಚಿನ ಒತ್ತಡ ಇನ್ನಷ್ಟು ಹಾಳುಮಾಡಿತು. ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷ ಬುಕಾನನ್‌ಗೆ ಕಳಿಸಿದ ನೂರು ಪದಗಳಷ್ಟು ಸಂದೇಶ ಹೋಗಲು ಸುಮಾರು 16 ಗಂಟೆ ಹಿಡಿಯಿತು. ಬರುವ ಸಂದೇಶಗಳನ್ನು ಓದಿಕೊಟ್ಟಿದ್ದು ಕನ್ನಡಿಯೇ. ಕಂಪನಿ ವೈಟ್‌ಹೌಸ್ ಅವರನ್ನು ಕೆಲಸದಿಂದ ತೆಗೆಯಿತು. ಸೆಪ್ಟೆಂಬರ್ ಆರಂಭಕ್ಕೆ ಸಂದೇಶಗಳು ನಿಂತವು, ಅಕ್ಟೋಬರ್‌ನಲ್ಲಿ ಕೇಬಲ್ ಸಂಪೂರ್ಣ ಸತ್ತುಹೋಯಿತು.

ಆ ಅಲ್ಪಾಯುಷಿ ಕೇಬಲ್ ಒಂದು ದೊಡ್ಡ ಕೆಲಸ ಮಾಡಿತ್ತು. ಅದು ಭಾರತಕ್ಕೆ ಸಂಬಂಧಿಸಿದ್ದು. 1857ರ ದಂಗೆಯ ಹಿನ್ನೆಲೆಯಲ್ಲಿ ಕೆನಡಾ ಕಡೆಯಲ್ಲಿದ್ದ ಎರಡು ಬ್ರಿಟಿಷ್ ರೆಜಿಮೆಂಟ್‌ಗಳಿಗೆ ಇಂಗ್ಲೆಂಡಿಗೆ ಹೊರಟು ಬರುವಂತೆ ಆಜ್ಞೆಯಾಗಿತ್ತು. ದಂಗೆ ಅಡಗಿದ್ದರಿಂದ ಬರುವುದು ಬೇಡ ಎಂಬ ಆದೇಶ ಕೇಬಲ್ ಮೂಲಕ ಹೋಯಿತು. ಸರ್ಕಾರಕ್ಕೆ ಸುಮಾರು 50,000 ಪೌಂಡ್ ಉಳಿಯಿತು ಎಂದು ಅಂದಾಜು. ಇಂಥ ತಂತಿ ಬ್ರಿಟಿಷ್ ಸಾಮ್ರಾಜ್ಯಕ್ಕೆ ಏಕೆ ಬೇಕು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಕೆಂಪು ಸಮುದ್ರದಲ್ಲಿ ಮುಳುಗಿದ ಹಣ

ಅದೇ ಆಸೆಯಲ್ಲಿ ಭಾರತಕ್ಕೂ ಕೇಬಲ್ ಎಳೆಯುವ ಸಾಹಸ ನಡೆಯಿತು. 1859ರಿಂದ 1860ರ ಅವಧಿಯಲ್ಲಿ ಸೂಯೆಜ್‌ನಿಂದ ಏಡನ್ ಮೂಲಕ ಕರಾಚಿಯವರೆಗೆ ತಂತಿ ಇಳಿಸಿದರು. ಉದ್ದ ಉಳಿಸಲು ಹೋಗಿ ಅದನ್ನು ಬಿಗಿಯಾಗಿ ಎಳೆದುಬಿಟ್ಟರು. ಸಮುದ್ರದ ತಳ ನಮ್ಮ ಮನೆಯ ನೆಲದಂತೆ ಸಮತಟ್ಟಲ್ಲ. ಅಲ್ಲಿ ದಿಬ್ಬ, ಹಳ್ಳ, ಹವಳದ ಬಂಡೆ ಎಲ್ಲ ಇವೆ. ಬಿಗಿಯಾದ ಕೇಬಲ್ ದಿಬ್ಬದಿಂದ ದಿಬ್ಬಕ್ಕೆ ಬಟ್ಟೆ ಒಣಹಾಕುವ ಹಗ್ಗದಂತೆ ನೇತಾಡಿತು. ಬಂಡೆಗೆ ಉಜ್ಜಿತು. ಮೈಗೆ ಅಂಟಿ ಬೆಳೆದ ಚಿಪ್ಪುಜೀವಿಗಳ ಭಾರ ಬೇರೆ. ಒಂದೊಂದೇ ಭಾಗ ಕೆಟ್ಟು, ಇಡೀ ಮಾರ್ಗದಲ್ಲಿ ಒಮ್ಮೆಯೂ ಸಂದೇಶ ದಾಟಲಿಲ್ಲ. ಬ್ರಿಟಿಷ್ ಸರ್ಕಾರ ಹೂಡಿಕೆದಾರರಿಗೆ ಖಾತರಿ ಕೊಟ್ಟಿದ್ದರಿಂದ ವರ್ಷಕ್ಕೆ 36,000 ಪೌಂಡ್‌ನಂತೆ 50 ವರ್ಷ ಕಟ್ಟಬೇಕಾಯಿತು.

ಎರಡು ದೊಡ್ಡ ವೈಫಲ್ಯಗಳ ನಂತರ ಸರ್ಕಾರ ಮತ್ತು ಕಂಪನಿ ಸೇರಿ ವಿಚಾರಣಾ ಸಮಿತಿ ರಚಿಸಿದವು. ಅಲ್ಲಿಯವರೆಗೆ ಜಗತ್ತಿನಲ್ಲಿ ಇಳಿಸಿದ್ದ 11,000ಕ್ಕೂ ಹೆಚ್ಚು ಮೈಲಿ ಸಮುದ್ರ ಕೇಬಲ್‌ನಲ್ಲಿ ಕೆಲಸ ಮಾಡುತ್ತಿದ್ದದ್ದು ಸುಮಾರು 3,000 ಮೈಲಿ ಮಾತ್ರ. ಥಾಮ್ಸನ್ ಸಾಕ್ಷ್ಯ ಕೊಟ್ಟರು. ತಾಮ್ರ, ಹೊದಿಕೆ, ಜೋಡಣೆ ಎಲ್ಲವನ್ನೂ ಅಳೆಯಬೇಕು ಎಂಬ ಅವರ ಹಟ ಈಗ ಎಲ್ಲರ ನಿಯಮವಾಯಿತು. ಇದೇ ಕಾಲದಲ್ಲಿ, 1860-61ರ ಚಳಿಗಾಲದಲ್ಲಿ, ಹಿಮದ ಮೇಲೆ ಆಟವಾಡುವಾಗ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಬದುಕಿನುದ್ದಕ್ಕೂ ಕುಂಟುತ್ತಲೇ ನಡೆದರು. ಆದರೆ ಹಡಗು ಹತ್ತುವುದನ್ನು ಬಿಡಲಿಲ್ಲ.

ಗ್ರೇಟ್ ಈಸ್ಟರ್ನ್ ಮತ್ತು ಹೊಸ ಕೇಬಲ್

1865ರ ಕೇಬಲ್ ಥಾಮ್ಸನ್ ಅವರ ಲೆಕ್ಕಕ್ಕೆ ಹತ್ತಿರವಾಗಿತ್ತು. ಒಂದು ನಾಟಿಕಲ್ ಮೈಲಿಗೆ ತಾಮ್ರ 300 ಪೌಂಡ್, ಗಟ್ಟಾಪರ್ಚಾ 400 ಪೌಂಡ್. ಹೊರಗಿನ ಹತ್ತು ಗಟ್ಟಿ ತಂತಿಗಳಿಗೆ ಒಂದೊಂದಕ್ಕೂ ನಾರು ಸುತ್ತಿದ್ದರು. ಇದರಿಂದ ಕೇಬಲ್ ದಪ್ಪವಾಯಿತು. ಗಾಳಿಯಲ್ಲಿ ಮೈಲಿಗೆ ಸುಮಾರು 1.8 ಟನ್ ತೂಗುತ್ತಿದ್ದದ್ದು ನೀರಿನಲ್ಲಿ 0.7 ಟನ್‌ಗೆ ಇಳಿಯಿತು. ಹರಿಯುವ ಮಿತಿ ಏಳೂಮುಕ್ಕಾಲು ಟನ್. ಅಂದರೆ ನೀರಿನಲ್ಲಿ 11 ಮೈಲಿ ಉದ್ದ ನೇತಾಡಿದರೂ ತಡೆಯುತ್ತಿತ್ತು. ಹಳೆಯ ಕೇಬಲ್‌ನ ಎರಡು ಪಟ್ಟಿಗಿಂತ ಹೆಚ್ಚು ಭದ್ರತೆ ಇದು.

ಇದನ್ನು ಹೊರುವ ಸಾಮರ್ಥ್ಯ ಇದ್ದದ್ದು ಬ್ರುನೆಲ್ ವಿನ್ಯಾಸದ ದೈತ್ಯ ಹಡಗು ಗ್ರೇಟ್ ಈಸ್ಟರ್ನ್‌ಗೆ ಮಾತ್ರ. 1865ರ ಜುಲೈನಲ್ಲಿ ಹೊರಟ ಹಡಗಿನಲ್ಲಿ ಥಾಮ್ಸನ್ ಇದ್ದರು. ಸುಮಾರು 1,200 ಮೈಲಿ ಇಳಿಸಿದ ಮೇಲೆ, ಆಗಸ್ಟ್ 2ರಂದು, ದೋಷವೊಂದನ್ನು ಸರಿಪಡಿಸಲು ಮೇಲೆಳೆಯುವಾಗ ಕೇಬಲ್ ಹರಿಯಿತು. ಕೊಕ್ಕೆ ಹಾಕಿ ಹಿಡಿದರೂ ಪ್ರತಿ ಬಾರಿ ಹಗ್ಗವೇ ಕಿತ್ತುಬಂತು.

ಆ ವರ್ಷವೇ ಥಾಮ್ಸನ್ ಕೇಬಲ್ ಇಳಿಸುವ, ಎತ್ತುವ ಬಲಗಳ ಗಣಿತ ಬರೆದರು. ಎರಡು ಕಂಬದ ನಡುವಿನ ತಂತಿ ಜೋಲುಬೀಳುವಂತೆ ಹಡಗಿನ ಹಿಂದೆ ಕೇಬಲ್ ಜೋಲುತ್ತದೆ ಎಂದು ಹಲವರು ಎಣಿಸಿದ್ದರು. ಹಡಗು ಒಂದೇ ವೇಗದಲ್ಲಿ ಹೋಗುತ್ತ, ಸಾಕಷ್ಟು ಸಡಿಲ ಬಿಡುತ್ತಿದ್ದರೆ ಕೇಬಲ್ ಓರೆಯಾದ ನೇರ ಗೆರೆಯಲ್ಲಿ ಮುಳುಗುತ್ತದೆ ಎಂದು ಅವರು ತೋರಿಸಿದರು. ಓರೆ ಎಷ್ಟು ಕಡಿಮೆಯೆಂದರೆ, ಎರಡು ಮೈಲಿ ಆಳದಲ್ಲಿ ಕೇಬಲ್ ತಳ ಮುಟ್ಟುವ ಜಾಗ ಹಡಗಿನಿಂದ ಸುಮಾರು 17 ಮೈಲಿ ಹಿಂದೆ ಇರುತ್ತದೆ. ಉದ್ದ 17 ಮೈಲಿಯಾದರೂ ಹಡಗಿನ ಮೇಲೆ ಬೀಳುವ ಎಳೆತ ಎರಡು ಮೈಲಿ ಕೇಬಲ್‌ನ ತೂಕವನ್ನು ಮೀರುವುದಿಲ್ಲ. ಉಳಿದ ಭಾರವನ್ನು ನೀರೇ ಹೊರುತ್ತದೆ.

1866ರ ಜುಲೈ 13ರಂದು ಮತ್ತೆ ಹೊರಟ ಗ್ರೇಟ್ ಈಸ್ಟರ್ನ್, ತಳದ ಏರಿಳಿತಕ್ಕೆ ಹೊಂದುವಷ್ಟು ಹೆಚ್ಚುವರಿ ಉದ್ದ ಬಿಡುತ್ತ ಸಾಗಿತು. ಜುಲೈ 27ರಂದು ಕೆನಡಾ ಕಡೆಯ ನ್ಯೂಫೌಂಡ್‌ಲೆಂಡ್ ದಡ ಸೇರಿತು. ವಾಪಸು ಹೋಗಿ, ಮೂರು ಹಡಗುಗಳ ನೆರವಿನಿಂದ ಭಾರ ಹಂಚಿ, ಹಿಂದಿನ ವರ್ಷ ಮುಳುಗಿದ್ದ ಕೇಬಲ್ಲನ್ನೂ ಎತ್ತಿ ಪೂರ್ತಿಗೊಳಿಸಿತು. ಎರಡೂ ಕೇಬಲ್‌ಗಳನ್ನು ಆಚೆ ದಡದಲ್ಲಿ ಜೋಡಿಸಿ, ಎಂಜಿನಿಯರ್ ಲ್ಯಾಟಿಮರ್ ಕ್ಲಾರ್ಕ್ ಒಂದು ಪರೀಕ್ಷೆ ಮಾಡಿದರು. ದರ್ಜಿಗಳು ಬೆರಳಿಗೆ ಹಾಕಿಕೊಳ್ಳುವ ಬೆಳ್ಳಿಯ ಟೊಪ್ಪಿಗೆಯಲ್ಲಿ ಹನಿ ಆಮ್ಲ, ಒಂದು ಸತುವಿನ ಚೂರು. ಆ ಪುಟಾಣಿ ಬ್ಯಾಟರಿಯ ವಿದ್ಯುತ್ 3,700 ಮೈಲಿ ಸುತ್ತಿ ಬಂದು ಕನ್ನಡಿಯ ಬೆಳಕನ್ನು ಸರಿಸಿತು. ಎಂಟು ವರ್ಷದ ಹಿಂದೆ 2,000 ವೋಲ್ಟ್ ಸಾಧಿಸದೇ ಹೋದದ್ದನ್ನು ಹೊಲಿಗೆಯವರ ಟೊಪ್ಪಿಗೆ ಸಾಧಿಸಿತ್ತು. ಆ ವರ್ಷವೇ ಥಾಮ್ಸನ್‌ಗೆ ನೈಟ್ ಪದವಿ ಬಂತು.

ಮುಂಬೈ ತಲುಪಿದ ತಂತಿ

1870ರಲ್ಲಿ ಅದೇ ಗ್ರೇಟ್ ಈಸ್ಟರ್ನ್ ಮುಂಬೈಗೆ ಬಂತು. ಬಿಸಿಲಿನಿಂದ ಕೇಬಲ್ ಕಾಪಾಡಲು ಹಡಗಿಗೆ ಬಿಳಿ ಬಣ್ಣ ಬಳಿದಿದ್ದರು. ಮುಂಬೈನಿಂದ ಏಡನ್‌ಗೆ ಕೇಬಲ್ ಇಳಿಯಿತು. ಆ ಜೂನ್ ಹೊತ್ತಿಗೆ ಮುಂಬೈ ಮತ್ತು ಲಂಡನ್ ಸಮುದ್ರದಡಿಯಿಂದ ಜೋಡಿಯಾದವು. ಭೂಮಾರ್ಗದ ತಂತಿಯಲ್ಲಿ ದಿನಗಟ್ಟಲೆ ಹಿಡಿಯುತ್ತಿದ್ದ, ದಾರಿಯಲ್ಲಿ ಅಕ್ಷರ ಕೆಡುತ್ತಿದ್ದ ಸಂದೇಶ ಈಗ ಅದೇ ದಿನ ತಲುಪುತ್ತಿತ್ತು. ಅಲ್ಲಿಂದ ಮುಂದೆ ದೂರದ ಕೇಬಲ್‌ಗಳಲ್ಲಿ ಥಾಮ್ಸನ್ ಅವರ ಇನ್ನೊಂದು ಉಪಕರಣ ಬಳಕೆಗೆ ಬಂತು. ಕೂದಲಿನಷ್ಟು ಸಪೂರ ಗಾಜಿನ ಕೊಳವೆ, ಓಡುವ ಕಾಗದದ ಪಟ್ಟಿಯ ಮೇಲೆ ಶಾಯಿಯಿಂದ ತಾನೇ ಗೆರೆ ಬರೆಯುತ್ತಿತ್ತು. ಕನ್ನಡಿಯ ಬೆಳಕನ್ನೇ ನೋಡುತ್ತ ಕಣ್ಣು ದಣಿಸಿಕೊಳ್ಳುವುದು ತಪ್ಪಿತು.

ಆ ವರ್ಷವೇ ಪತ್ನಿ ಮಾರ್ಗರೆಟ್ ದೀರ್ಘ ಕಾಯಿಲೆಯ ನಂತರ ತೀರಿಕೊಂಡರು. ಥಾಮ್ಸನ್ ಒಂದು ಹಾಯಿಹಡಗು ಕೊಂಡು ಸಮುದ್ರದ ಮೇಲೆ ಹೆಚ್ಚು ಕಾಲ ಕಳೆದರು. ಪಿಯಾನೋ ತಂತಿಯಿಂದ ಆಳ ಅಳೆಯುವ ಯಂತ್ರ, ಸುಧಾರಿತ ನಾವಿಕ ದಿಕ್ಸೂಚಿ ಮಾಡಿದರು. 1873ರಲ್ಲಿ ಬ್ರೆಜಿಲ್‌ಗೆ ಕೇಬಲ್ ಹೊತ್ತ ಹಡಗು ದೋಷದಿಂದಾಗಿ ಮಡೇರಾ ದ್ವೀಪದಲ್ಲಿ ನಿಲ್ಲಬೇಕಾಯಿತು. ಅಲ್ಲಿ ಪರಿಚಯವಾದ ಬ್ಲ್ಯಾಂಡಿ ಕುಟುಂಬದ ಮಗಳು ಫ್ರಾನ್ಸಿಸ್ ಅವರನ್ನು ಮರುವರ್ಷ ಮದುವೆಯಾದರು.

1892ರಲ್ಲಿ ಅವರು ಲಾರ್ಡ್ ಆದರು. ಗ್ಲಾಸ್ಗೋ ವಿಶ್ವವಿದ್ಯಾಲಯದ ಪಕ್ಕ ಹರಿಯುವ ಪುಟ್ಟ ನದಿ ಕೆಲ್ವಿನ್ ಹೆಸರನ್ನೇ ಆರಿಸಿಕೊಂಡರು. ಅವರ ಎಲ್ಲ ಲೆಕ್ಕವೂ ಸರಿಯಾಗಿರಲಿಲ್ಲ. ಭೂಮಿಯ ವಯಸ್ಸನ್ನು ಬಹಳ ಕಡಿಮೆ ಅಂದಾಜಿಸಿದ್ದರು. ಕೇಬಲ್ ಸಿದ್ಧಾಂತದಲ್ಲಿ ಅವರು ಬಿಟ್ಟಿದ್ದ ಸ್ವಪ್ರೇರಣೆಯ ಪರಿಣಾಮವನ್ನು ಮುಂದೆ ಆಲಿವರ್ ಹೆವಿಸೈಡ್ ಸೇರಿಸಿದರು. ಟೆಲಿಫೋನ್ ಕಾಲಕ್ಕೆ ಬೇಕಾಗಿದ್ದು ಆ ತಿದ್ದುಪಡಿ.

1907ರ ಡಿಸೆಂಬರ್ 17ರಂದು ಕೆಲ್ವಿನ್ ತೀರಿಕೊಂಡರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಐಸಾಕ್ ನ್ಯೂಟನ್ ಸಮಾಧಿಯ ಬಳಿ ಅವರಿಗೆ ಜಾಗ ಸಿಕ್ಕಿತು. ಇಡೀ ಮಾರ್ಗದಲ್ಲಿ ಒಮ್ಮೆಯೂ ಮಾತಾಡದ ಕೆಂಪು ಸಮುದ್ರದ ಕೇಬಲ್‌ಗಾಗಿ ಬ್ರಿಟಿಷ್ ಖಜಾನೆ ಆಗಲೂ ವರ್ಷಕ್ಕೆ 36,000 ಪೌಂಡ್ ಕಟ್ಟುತ್ತಲೇ ಇತ್ತು. ಅದು ಮುಗಿದಿದ್ದು 1908ರಲ್ಲಿ.

ಇಂದು ಮುಂಬೈನ ವರ್ಸೋವಾ, ಚೆನ್ನೈ ಕಡಲತೀರಗಳಲ್ಲಿ ದಡ ಸೇರುವ ಕೇಬಲ್‌ಗಳೊಳಗೆ ತಾಮ್ರದ ಬದಲು ಗಾಜಿನ ಎಳೆಗಳು ಸಂದೇಶ ಸಾಗಿಸುತ್ತವೆ. ಬಂಗಾಳ ಕೊಲ್ಲಿಯ ಕೃಷ್ಣಾ-ಗೋದಾವರಿ ಪ್ರದೇಶದ ಆಳ ಸಮುದ್ರದ ಅನಿಲ ಬಾವಿಗಳನ್ನು ಅಂಬಿಲಿಕಲ್‌ಗಳು ನಿಯಂತ್ರಿಸುತ್ತವೆ. ಆಳ ಸಮುದ್ರದ ಅಂಬಿಲಿಕಲ್‌ಗೆ ಉಕ್ಕಿನ ಕವಚ ಹಾಕುವಾಗ ಒಂದು ಪದರವನ್ನು ಎಡಕ್ಕೆ, ಅದರ ಮೇಲಿನದನ್ನು ಬಲಕ್ಕೆ ಹೊಸೆಯುತ್ತಾರೆ, ಎಳೆದಾಗ ಒಂದರ ತಿರುಚನ್ನು ಇನ್ನೊಂದು ತಡೆಯಲೆಂದು. 1857ರಲ್ಲಿ ಎರಡು ಕಾರ್ಖಾನೆಗಳ ನಡುವೆ ಎಡವಟ್ಟಾಗಿದ್ದ ಸಂಗತಿ ಇಂದು ಒಂದೇ ಕೇಬಲ್‌ನೊಳಗೆ ಉದ್ದೇಶಪೂರ್ವಕ ವಿನ್ಯಾಸ. ನೀರಿನಲ್ಲಿ ಎಷ್ಟು ತೂಕ, ಎಷ್ಟು ಆಳ, ಎಷ್ಟು ಎಳೆತ, ಎಷ್ಟು ಸಡಿಲ ಎಂಬ ಲೆಕ್ಕ ಮುಗಿಯುವವರೆಗೆ ಅಂಥ ಕೇಬಲ್ ಇಂದು ಹಡಗು ಹತ್ತುವುದಿಲ್ಲ.